ಅಕ್ಕುತಾಯಿ ಕೊಡದ ಯಾದಿ

ಹಾರೂಗೇರಿ ಬಸ್ ನಿಲ್ದಾಣದ ಎದುರಿಗೆ ಹನ್ನೆರಡು ವರ್ಷ ಎಸ್‌ಟಿಡಿ ಬೂತ್ ನಡೆಸಿದ ಅಕ್ಕುತಾಯಿಗೆ ಅರ್ಧ ಊರಿನ ಸಂಸಾರ ಗೊತ್ತಿತ್ತು. ತನಗೆ ಗೊತ್ತಿದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಾಗದಂತೆ ನೋಡಿಕೊಂಡಿದ್ದಳು.

ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ದಲಿತರ ಕೇರಿಯ ಬುದ್ಧವಿಹಾರದ ಓಣಿಯಲ್ಲಿ ಮನೆ. ತಂದೆ ತಾಯಿ ಇಬ್ಬರೂ ಮಂದಿಯ ಕಬ್ಬಿನ ಹೊಲದಲ್ಲಿ ದುಡಿಯುವವರು. ಈ ಮಗಳಿಂದ ಹೊಲದ ಕೆಲಸ ಆಗುವುದಿಲ್ಲವೆಂದು ತಿಳಿದು ಹತ್ತನೇ ಇಯತ್ತೆಯವರೆಗೆ ಓದಿಸಿದ್ದರು. ಅಂಗವಿಕಲರ ಕೋಟಾದಲ್ಲಿ ಬೂತ್ ಮಂಜೂರಾದಾಗ ಅವಳಿಗೆ ಇಪ್ಪತ್ತಾರು.

ಬೂತಿಗೆ ಗಾಜಿನ ಬಾಗಿಲಿತ್ತು, ಆದರೆ ಪುಣೆ ಮುಂಬೈಗೆ ಫೋನ್ ಹಚ್ಚಿದವರು ಅಲ್ಲಿಯವರೆಗೆ ಕೇಳಲಿ ಎಂಬಂತೆ ಕೂಗುತ್ತಿದ್ದರು. ಮುರಿದ ಸಂಬಂಧ, ಆಸ್ಪತ್ರೆಯ ಸುದ್ದಿ, ಹೊಳೆಯಾಚೆಯ ಹುಡುಗನಿಗೆ ಹೇಳಿದ ಮಾತು, ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ಒಮ್ಮೆ ಒಬ್ಬ ಗಂಡಸು ಬಂದು, ಈಗಷ್ಟೇ ಹೊರಗೆ ಹೋದ ತನ್ನ ಹೆಂಡತಿ ಯಾವ ನಂಬರಿಗೆ ಮಾತಾಡಿದಳೆಂದು ಕೇಳಿದ. ನಂಬರು ಅಚ್ಚಾದ ಬಿಲ್ಲಿನ ಚೀಟಿ ಇನ್ನೂ ಮೇಜಿನ ಮೇಲೇ ಇತ್ತು. ಅಕ್ಕುತಾಯಿ ಅದನ್ನು ಅವನ ಎದುರಿಗೇ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿ, ಮುಂದಿನ ಗಿರಾಕಿಯನ್ನು ಒಳಗೆ ಕರೆದಳು. ಅಂದಿನಿಂದ, ಹಣ ಕೊಟ್ಟವರು ಚೀಟಿ ಬಿಟ್ಟುಹೋದರೆ ಕೂಡಲೇ ಹರಿದುಬಿಡುವುದು ಅವಳ ರೂಢಿಯಾಯಿತು.

ಕೈಕೈಗೆ ಮೊಬೈಲ್ ಬಂದ ಮೇಲೆ ಬೂತಿಗೆ ಜನ ಬರುವುದು ನಿಂತಿತು. ೨೦೧೧ರಲ್ಲಿ ಬಾಗಿಲು ಹಾಕಿದಳು. ಮನೆಯಲ್ಲಿ ಸುಮ್ಮನೆ ಕೂಡಲಾರದೆ ಕಾಲೇಜು ಹುಡುಗಿಯರ ನಡುವೆ ಕುಳಿತು ಕಂಪ್ಯೂಟರ್ ಕಲಿತಳು. ಎರಡು ವರ್ಷದ ನಂತರ ದುಂಡೇಶ ಎಂಬ ತರುಣ ಊರಿಗೆ ಇಂಟರ್ನೆಟ್ ತಂದ. ಬೆಳಗಾವಿಯ ದೊಡ್ಡ ಕಂಪನಿಯೊಂದರಿಂದ ಸಂಪರ್ಕ ಪಡೆದು ಮನೆಮನೆಗೆ ವೈರು ಎಳೆಯುವ ಧಂದೆ ಅವನದು. ಆಫೀಸಿನಲ್ಲಿ ಕೂಡಲು ನಂಬಿಗಸ್ತರು ಬೇಕಾಗಿದ್ದರು. ಅಕ್ಕುತಾಯಿಯನ್ನು ಕರೆದ.

ಕಾಗದದ ಕೆಲಸವೆಲ್ಲ ಅವಳದಾಯಿತು. ಅರ್ಜಿ ತುಂಬಿಸುವುದು, ಫೋಟೋ ಮತ್ತು ಗುರುತಿನ ಚೀಟಿಯ ಝೆರಾಕ್ಸ್ ಇಟ್ಟುಕೊಳ್ಳುವುದು, ನೆಟ್ ಬಂದ್ ಆದರೆ ತಕರಾರು ಬರೆದುಕೊಳ್ಳುವುದು. ಯಾವ ಮನೆಯವರು ಎಷ್ಟು ಗಂಟೆಗೆ ನೆಟ್ ಹಚ್ಚಿದರು, ಅದರಲ್ಲಿ ಎಲ್ಲೆಲ್ಲಿ ಹೋಗಿಬಂದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ತಾನೇ ದಾಖಲಾಗುತ್ತದೆಂದು ಅವಳಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ. ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ವಿಚಾರ. ಬೂತಿನಲ್ಲಾದರೆ ಚೀಟಿ ಹರಿಯಬಹುದಿತ್ತು. ಇದನ್ನು ವರ್ಷಗಟ್ಟಲೆ ಇಡಬೇಕೆಂಬ ನಿಯಮವೇ ಇತ್ತು. ಪೊಲೀಸರ ಲಿಖಿತ ಆದೇಶವಿಲ್ಲದೆ ಯಾರಿಗೂ ಕೊಡಬಾರದೆಂದು ಕಂಪನಿಯ ಕರಾರಿನಲ್ಲಿ ಬರೆದಿತ್ತು. ಆ ಕರಾರನ್ನು ಆಫೀಸಿನಲ್ಲಿ ಓದಿದವಳು ಅವಳೊಬ್ಬಳೇ.

೨೦೧೫ರ ಬೇಸಿಗೆಯಲ್ಲಿ ಕಾಕಾಸಾಹೇಬರು ಆಫೀಸಿಗೆ ಬಂದರು. ಹೊಳೆಸಾಲಿನಲ್ಲಿ ನಲವತ್ತು ಎಕರೆ ಕಬ್ಬು, ಊರೊಳಗೆ ಮೂರು ಅಂತಸ್ತಿನ ಮನೆ. ಬೆಳಗಾವಿಯಿಂದ ಇಡೀ ಊರಿಗೆ ನೆಟ್ ಹಿಡಿದುಕೊಡುವ ದುಂಡೇಶನ ಟವರು ಆ ಮನೆಯ ಮಾಳಿಗೆಯ ಮೇಲೇ ನಿಂತಿತ್ತು. ಮಗ ಕೊಲ್ಹಾಪುರದ ಕಾರ್ಖಾನೆಯಲ್ಲಿ ನೌಕರ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಇರುವವಳು ಸೊಸೆ ಮಯೂರಿ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ತಾಸುಗಟ್ಟಲೆ ಲ್ಯಾಪ್‌ಟಾಪಿನ ಮುಂದೆ ಕೂಡುತ್ತಾಳೆ, ಕೇಳಿದರೆ ಏನೂ ಹೇಳುವುದಿಲ್ಲ ಎಂಬುದು ಅವರ ಸಿಟ್ಟು.

"ಸೊಸಿ ನೆಟ್ಟಿನ್ಯಾಗ ಏನೇನ್ ನೋಡ್ತಾಳ, ಅದರ ಒಂದು ಯಾದಿ ತೆಗದು ಕೊಡು," ಎಂದರು.

"ಅದು ಕೊಡಾಕ ಬರೂದಿಲ್ರಿ, ಸಾಹುಕಾರ."

"ತಿಂಗಳಾ ರೊಕ್ಕ ಕಟ್ಟಾಂವ ನಾನು."

ಅಕ್ಕುತಾಯಿ ಫೈಲು ತೆಗೆದಳು. ಕಾಕಾಸಾಹೇಬರ ಗುರುತಿನ ಚೀಟಿಯಲ್ಲಿ ಹೆಸರು ತಪ್ಪಾಗಿ ಅಚ್ಚಾಗಿದ್ದರಿಂದ ಸಂಪರ್ಕವನ್ನು ಸೊಸೆಯ ಹೆಸರಿನಲ್ಲಿ ತೆಗೆದುಕೊಂಡಿದ್ದರು. ಅರ್ಜಿಯನ್ನು ಅವರ ಕಡೆ ತಿರುಗಿಸಿ ಸಹಿಯ ಮೇಲೆ ಬೆರಳಿಟ್ಟಳು.

"ಇಲ್ಲಿ ಸಹಿ ಮಾಡಿದಾಕಿ ಮಯೂರಿ. ನಮ್ಮ ಗಿರಾಕಿ ಅವರ್ರಿ, ನೀವಲ್ಲ."

ಯಾರ ಹೊಲದಲ್ಲಿ ಅವಳ ತಂದೆ ತಾಯಿ ಕಬ್ಬು ಕಡಿದಿದ್ದರೋ, ಯಾರ ಹೊಲದಲ್ಲಿ ಸಮಾಧಾನ ಎಂಬ ಅವಳ ತಮ್ಮ ಈಗಲೂ ನೀರು ಹಾಯಿಸುತ್ತಿದ್ದನೋ, ಅವರಿಗೆ ಹೀಗೆ ಹೇಳಿದ್ದಳು. ಮಾತು ಮುಗಿದ ಮೇಲೆ ಫೈಲು ಮುಚ್ಚಿ ತನ್ನ ಕಡೆ ಎಳೆದುಕೊಂಡಳು. ಕಾಕಾಸಾಹೇಬರು ಹೊರಗೆ ಹೋಗಿ ದುಂಡೇಶನಿಗೆ ಫೋನ್ ಮಾಡಿದರು.

ಅರ್ಧ ತಾಸಿನಲ್ಲಿ ದುಂಡೇಶ ಓಡಿಬಂದ. ಟವರು ಅವರ ಮಾಳಿಗೆಯ ಮೇಲಿದೆ, ಒಂದು ಕಾಗದ ಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎಂದು ಮೊದಲು ಮೆತ್ತಗೇ ಹೇಳಿದ. ನಾಳೆ ಯಾರಾದರೂ ಬಂದು ನಿಮ್ಮ ಮನೆಯ ಯಾದಿ ಕೇಳಿದರೆ ಅದನ್ನೂ ಕೊಡಲೇ ಎಂದು ಅಕ್ಕುತಾಯಿ ಕೇಳಿದಾಗ ಅವನ ಮುಖ ಕೆಂಪಾಯಿತು. ಹಾಗಾದರೆ ನಿಮ್ಮ ಹತ್ತಿರವಿರುವ ದಾಖಲೆಯ ಪಾಸ್‌ವರ್ಡ್ ಕೊಡಿ, ನಾನೇ ತೆಗೆದುಕೊಳ್ಳುತ್ತೇನೆ ಎಂದ.

ಅವಳು ಇಲ್ಲವೆನ್ನಲಿಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟಳು. ಅದರ ಪಕ್ಕದಲ್ಲಿ ರಿಜಿಸ್ಟರ್ ತೆರೆದು, ಗಿರಾಕಿ ಮಯೂರಿಯವರ ದಾಖಲೆಯನ್ನು ಆದೇಶವಿಲ್ಲದೆ ಅವರ ಮಾವನಿಗೆ ಕೊಡುವ ಸಲುವಾಗಿ ಪಾಸ್‌ವರ್ಡ್ ಪಡೆದಿದ್ದೇನೆ ಎಂದು ಒಂದು ಸಾಲು ಬರೆದು, ತಾರೀಖು ಹಾಕಿ, ಪೆನ್ನನ್ನು ಅವನ ಮುಂದೆ ಇಟ್ಟಳು.

"ಆಫೀಸ್ ನಿಮ್ಮದೈತಿ, ಬ್ಯಾಡ ಅನ್ನಾಕ ನಾ ಯಾರು? ಸಹಿ ಮಾಡಿ ತಗೋರಿ, ಮಾಲಕ್ರ."

ದುಂಡೇಶ ಆ ಸಾಲನ್ನು ಓದಿದ, ಮತ್ತೊಮ್ಮೆ ಓದಿದ. ಪೆನ್ನು ಮುಟ್ಟಲಿಲ್ಲ, ಚೀಟಿಯನ್ನೂ ಮುಟ್ಟಲಿಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದಷ್ಟೇ ಹೇಳಿದ.

ಅವಳು ಮನೆಗೆ ಹೋಗಿ ಅಳುತ್ತ ಕೂಡಲಿಲ್ಲ. ಅಂಚೆ ಕಚೇರಿಗೆ ಹೋಗಿ, ಅಲ್ಲಿನ ಬೆಂಚಿನ ಮೇಲೆ ಕುಳಿತು, ಬೆಳಗಾವಿಯ ಕಂಪನಿಗೆ ನಡೆದದ್ದನ್ನು ನಡೆದಂತೆ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದಳು. ಆಮೇಲೆ ಮಯೂರಿಗೆ ಫೋನ್ ಹಚ್ಚಿ ಮನೆಗೆ ಬಂದುಹೋಗಲು ಹೇಳಿದಳು. ಹುಡುಗಿ ಸ್ಕೂಟಿಯ ಮೇಲೆ ಬಂದಳು. ಅಕ್ಕುತಾಯಿ ನಡೆದದ್ದನ್ನೆಲ್ಲ ಹೇಳಿದಳು.

"ಮಾವಶಿ, ನೀವು ನೋಡೀರೇನು?" ಎಂದು ಮಯೂರಿ ಕೇಳಿದಳು.

"ಇಲ್ಲ ತಂಗಿ. ತೆಗದು ಸೈತ ನೋಡಿಲ್ಲ. ನೀನೂ ನನಗ ಹೇಳಬ್ಯಾಡ."

ಮಯೂರಿ ಒಂದು ಹಾಳೆ ಕೇಳಿದಳು. ತನ್ನ ಬಗೆಗಿನ ಯಾವುದೇ ಮಾಹಿತಿಯನ್ನು ಮನೆಯವರಿಗಾಗಲಿ ಹೊರಗಿನವರಿಗಾಗಲಿ ಕೊಡಕೂಡದು, ಕೊಟ್ಟರೆ ಗ್ರಾಹಕರ ವೇದಿಕೆಗೆ ಹೋಗುತ್ತೇನೆ ಎಂದು ತನ್ನ ಕೈಯಿಂದಲೇ ಬರೆದಳು. ಮರುದಿನ ಮುಂಜಾನೆ ಇಬ್ಬರೂ ಸ್ಕೂಟಿಯ ಮೇಲೆ ಆಫೀಸಿಗೆ ಹೋದರು. ರಿಚಾರ್ಜಿಗೆ ಬಂದ ಏಳೆಂಟು ಜನ ನಿಂತಿದ್ದರು. ಮಯೂರಿ ಅರ್ಜಿ ಕೊಟ್ಟು, ತನ್ನ ಪ್ರತಿಯ ಮೇಲೆ ಆಫೀಸಿನ ಮೊಹರಿನ ಶಿಕ್ಕಾ ಹೊಡೆದುಕೊಡಲು ಕೇಳಿದಳು. ದುಂಡೇಶ ಆ ಕಡೆ ಈ ಕಡೆ ನೋಡಿದ. ಶಿಕ್ಕಾ ಎಡಗಡೆಯ ಡ್ರಾವರಿನಲ್ಲಿದೆ ಎಂದು ಅಕ್ಕುತಾಯಿ ಹೊರಗಿನಿಂದಲೇ ಹೇಳಿದಳು. ಜನರ ಮುಂದೆ ಇಲ್ಲವೆನ್ನಲಾಗದೆ ಅವನು ಹೊಡೆದ.

ಸಾಲಿನಲ್ಲಿದ್ದ ತುಕಾರಾಮ ಮಾಸ್ತರರು ಇದೇನೆಂದು ಕೇಳಿ ತಿಳಿದುಕೊಂಡರು. ನಾವು ಏನು ನೋಡುತ್ತೇವೆಂಬುದು ಇಲ್ಲಿ ಬರೆದಿರುತ್ತದೆಯೇ ಎಂದು ಅವರು ಕೇಳಿದ ದನಿಗೆ ಉಳಿದವರೂ ತಿರುಗಿ ನೋಡಿದರು. ಮಾಸ್ತರರು ಅಲ್ಲೇ ನಿಂತು ತಾವೂ ಒಂದು ಅರ್ಜಿ ಬರೆದರು. ವಾರದೊಳಗೆ ಅಂಥ ಅರ್ಜಿಗಳಿಂದ ಒಂದು ಫೈಲು ತುಂಬಿತು.

ಕಾಕಾಸಾಹೇಬರೂ ಸುಮ್ಮನಿರಲಿಲ್ಲ. ಮಾಳಿಗೆಯಿಂದ ಟವರು ಕೆಳಗಿಳಿಸಿದರು. ಐದು ದಿನ ಊರಿಗೆ ನೆಟ್ ಇರಲಿಲ್ಲ. ಮೊನ್ನೆ ಅರ್ಜಿ ಬರೆದವರಲ್ಲೇ ಕೆಲವರು ಈಗ, ಆ ಕುಂಟಿಯಿಂದ ಇಷ್ಟೆಲ್ಲ ಆಯಿತು ಎಂದು ಆಡಿಕೊಂಡರು. ಅದನ್ನು ಅವಳು ನುಂಗಿದಳು. ನುಂಗಲಾಗದ್ದು ತಮ್ಮನ ಮಾತು. ಸಮಾಧಾನನಿಗೆ ಕಾಕಾಸಾಹೇಬರು ಕೆಲಸಕ್ಕೆ ಬರಬೇಡವೆಂದಿದ್ದರು. "ನಿನ್ನ ಹಟಕ್ಕ ನನ್ನ ಹೊಟ್ಟಿ ಮ್ಯಾಲ ಯಾಕ ಹೊಡದಿ, ಅಕ್ಕಾ," ಎಂದು ಕೇಳಿ, ಉತ್ತರಕ್ಕೆ ಕಾಯದೆ, ಉಗಾರ ಬುದ್ರುಕ ಊರಿಗೆ ಕೂಲಿ ಹುಡುಕಿಕೊಂಡು ಹೋದ. ಆ ದಿನ ಅವಳು ಊಟ ಮಾಡಲಿಲ್ಲ. ಆದರೆ ಬರೆದ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒಮ್ಮೆಯೂ ಅನಿಸಲಿಲ್ಲ.

ಕಂಪನಿಯ ಉತ್ತರ ಹದಿನೇಳನೇ ದಿನಕ್ಕೆ ದುಂಡೇಶನಿಗೆ ಬಂತು. ಗಿರಾಕಿಗಳ ದಾಖಲೆ ಆದೇಶವಿಲ್ಲದೆ ಹೊರಗೆ ಹೋದರೆ ಅದೇ ದಿನ ಕರಾರು ರದ್ದು ಎಂದಿತ್ತು. ಅವನು ಆ ಕಾಗದ ಹಿಡಿದುಕೊಂಡು ಬುದ್ಧವಿಹಾರದ ಓಣಿಗೆ ಬಂದ. ಮೊದಲ ಸಲ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು, ಅವಳು ಕೊಟ್ಟ ಚಹಾ ಕುಡಿದು, ತಿರುಗಿ ಕೆಲಸಕ್ಕೆ ಬರಬೇಕೆಂದ. ಬರುತ್ತೇನೆ, ಆದರೆ ತೆರೆದ ಕಪಾಟಿನಲ್ಲಿ ಬಿದ್ದಿರುವ ಝೆರಾಕ್ಸ್‌ಗಳೆಲ್ಲ ಕೀಲಿ ಇರುವ ಕಬ್ಬಿಣದ ತಿಜೋರಿಗೆ ಹೋಗಬೇಕು, ಕೀಲಿಕೈ ನನ್ನ ಹತ್ತಿರ ಇರಬೇಕು, ಯಾರು ಏನು ಕೇಳಿದರೂ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿ ಕೇಳಬೇಕು ಎಂದಳು. ನೀವು ಸಹಿತ, ಎಂದೂ ಸೇರಿಸಿದಳು. ದುಂಡೇಶ ನಕ್ಕ, ಅವಳು ನಗಲಿಲ್ಲ. ಅವನು ಒಪ್ಪಿದ.

ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಲಕ್ಷ್ಮಿಬಾಯಿಯ ಮಾಳಿಗೆಯ ಮೇಲೆ ಟವರು ಎದ್ದಿತ್ತು. ಕಾಕಾಸಾಹೇಬರು ರೊಕ್ಕ ಕಟ್ಟುವುದನ್ನು ನಿಲ್ಲಿಸಿದ್ದರಿಂದ ಅವರ ಮನೆಯ ಸಂಪರ್ಕ ರದ್ದಾಯಿತು. ದೀಪಾವಳಿಯ ಹೊತ್ತಿಗೆ ಮಯೂರಿ ಗಂಡನೊಂದಿಗೆ ಕೊಲ್ಹಾಪುರದಲ್ಲಿ ಸಂಸಾರ ಹೂಡಿದಳೆಂದು ಸುದ್ದಿ ಬಂತು. ಅವಳು ಬಾಗಿಲು ಹಾಕಿಕೊಂಡು ಏನು ನೋಡುತ್ತಿದ್ದಳೆಂದು ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ, ಅಕ್ಕುತಾಯಿಗೂ. ಸಮಾಧಾನ ಒಂದು ವರ್ಷ ಅಕ್ಕನೊಂದಿಗೆ ಮಾತು ಬಿಟ್ಟಿದ್ದ. ಆಮೇಲೆ ಮಗಳ ಶಾಲೆಯ ಅರ್ಜಿ ತುಂಬಿಸಲು ತಾನಾಗಿಯೇ ಬಂದ.

೨೦೧೮ರಲ್ಲಿ ಒಬ್ಬ ಪೇದೆ ಆಫೀಸಿಗೆ ಬಂದ. ಬ್ಯಾಂಕಿನ ಹೆಸರು ಹೇಳಿ ಒಬ್ಬ ಮುದುಕನ ಹಣ ಹೊಡೆದ ಪ್ರಕರಣ, ಠಾಣೆಯ ಅಧಿಕಾರಿಯ ಸಹಿಯಿರುವ ಪತ್ರವೂ ಇತ್ತು. ಅಕ್ಕುತಾಯಿ ಪತ್ರವನ್ನು ಎರಡು ಸಲ ಓದಿ, ರಿಜಿಸ್ಟರಿನಲ್ಲಿ ಅವನ ಸಹಿ ಪಡೆದು, ಕೇಳಿದ ದಾಖಲೆಯನ್ನು ಕಂಪ್ಯೂಟರಿನಿಂದ ಅಚ್ಚು ತೆಗೆದುಕೊಟ್ಟಳು. ಪೇದೆ ಹಾಳೆ ತಿರುವಿ ನೋಡಿ, ಹೆಂಗೂ ತೆಗೆದಿದ್ದೀರಿ, ಇಡೀ ತಿಂಗಳದ್ದು ಕೊಟ್ಟುಬಿಡಿ, ಮತ್ತೆ ಓಡಾಡುವುದು ತಪ್ಪುತ್ತದೆ ಎಂದ.

"ಪತ್ರದಾಗ ಒಂದ ದಿನದ್ದು ಬರದೈತ್ರಿ," ಎಂದು ಅವಳು ಪತ್ರವನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದಳು. "ತಿಂಗಳದ್ದು ಬೇಕಾದ್ರ ತಿಂಗಳದ್ದು ಬರಸ್ಕೊಂಡು ಬರ್ರಿ."