ಡಾಟ್ ಕಾಮ್ ಯಾರ ಪಾಲಿಗೆ

ನಮ್ಮ ಮಂದ್ಯಾಗ ಅಣ್ಣತಮ್ಮರು ಬ್ಯಾರೆ ಆಗುವಾಗ ಒಂದು ರೀತಿ ಐತಿ. ಪಾಲು ಮಾಡಾಂವ ಹಿರಿಯ, ಮೊದಲ ಆರಿಸ್ಕೊಳ್ಳಾಂವ ಕಿರಿಯ. ಹಿಂಗ ಮಾಡಿದ್ರ ಹಿರಿಯ ಮೋಸ ಮಾಡೂದಿಲ್ಲ ಅಂತ ಎಲ್ಲಾರ ನಂಬಿಕಿ. ನಾ ಮಾಡಿದೆ.

ಅಥಣಿಯೊಳಗ ನಮ್ಮಪ್ಪ ಇಟ್ಟ ಚಪ್ಪಲಿ ಅಂಗಡಿ. ಅಪ್ಪ ಹೋದ ಮ್ಯಾಲ ನಾನೂ ತಮ್ಮನೂ ಕೂಡೇ ನಡಸಿದ್ವಿ. ಮಾತಿಗೆ ಮಾತು ಬೆಳೀತು, ಬ್ಯಾರೆ ಆಗೂಣು ಅಂದ್ವಿ. ಉಳಿ, ತೊಗಲು, ಎರಡು ಖೋಲಿ ಎಲ್ಲಾ ಹಂಚಿದ್ದಾತು. ಉಳಿದದ್ದು ಅಪ್ಪನ ಅಂಗಡಿ ಹೆಸರು. ಅದು ಇಬ್ಬರಿಗೂ ಬೇಕು. ಪುಣೆ, ಮುಂಬೈ ಗಿರಾಕಿಗಳು ಹಾಳಿ ಮ್ಯಾಲ ಕಾಲಿನ ಅಳತಿ ಬರದು ಫೋಟೋ ಕಳಸ್ತಿದ್ರು, "ವೆಬ್‌ಸೈಟ್ ಇಲ್ಲೇನ್ರಿ?" ಅಂತ ಕೇಳ್ತಿದ್ರು.

ಚಿಕ್ಕೋಡಿ ಕಂಪ್ಯೂಟರ್ ಅಂಗಡಿಯಾಂವ ಹಾದಿ ಹೇಳಿದ. "ಹೆಸರು ಒಂದ ಇರ್ಲಿರಿ. ಒಬ್ಬರು ಅದರ ಮುಂದ ಡಾಟ್ ಕಾಮ್ ಹಚ್ರಿ, ಇನ್ನೊಬ್ಬರು ಡಾಟ್ ಇನ್. ಆದ್ರ ಮಂದಿ ಕೈ ಮೊದಲ ಡಾಟ್ ಕಾಮ್‌ಗೇ ಹೋಗತೈತಿ ನೋಡ್ರಿ."

ಆ ಕಡೀ ಮಾತು ನನ್ನ ತಲಿ ಕೆಡಿಸ್ತು. ಮೊದಲ ಆರಿಸಾಂವ ತಮ್ಮ. ಬಿಡ್ತಾನೇನು? ಹೆಸರಿನ ಪಾಲಿನ ಹಿಂದಿನ ದಿನ ಯಾರಿಗೂ ಹೇಳದ ಗಾಡಿ ತುಗೊಂಡು ಚಿಕ್ಕೋಡಿಗೆ ಹೋದೆ. ಡಾಟ್ ಕಾಮ್ ನನ್ನ ಹೆಸರಿಗೆ ಮಾಡ್ಸಿದೆ. ಅಲ್ಲಿಯಾಂವ ಇ-ಮೇಲ್ ಕೇಳಿದ. ನನಗ ಗೊತ್ತಿದ್ದದ್ದು ನಮ್ಮ ಅಂಗಡೀದು ಒಂದ, ಅದನ್ನ ಕೊಟ್ಟೆ.

ಮರುದಿನ ಕಾಕಾ, ಸ್ವಾದರಮಾವ ಬಂದು ಕುಂತ್ರು. "ಹೇಳೋ ತಮ್ಮಾ, ನಿನಗ್ಯಾವುದು?" ಅಂತ ಕಾಕಾ ಕೇಳಿದ. ಅವ ಡಾಟ್ ಕಾಮ್ ಅಂದ್ರ, "ಅದನ್ನ ಯಾರೋ ಮೊದಲ ತುಗೊಂಡಾರಂತ" ಅನ್ನೂ ಸುಳ್ಳು ಬಾಯಾಗ ತಯಾರಿತ್ತು. ತಮ್ಮ ನನ್ನ ಮಾರಿ ನೋಡಿದ, ಒಂದೀಟು ಹೆಚ್ಚ ಹೊತ್ತು ನೋಡಿದ.

"ನನಗ ಡಾಟ್ ಇನ್ ಸಾಕು ಕಾಕಾ. ಡಾಟ್ ಕಾಮ್ ಅಣ್ಣಗ ಇರ್ಲಿ."

ಎಲ್ಲಾರೂ ಅವಗ ಶಾಬಾಸ್ ಅಂದ್ರು. ಎಂಥಾ ಹುಚ್ಚ ಅದಾನಪಾ ಇಂವ ಅಂತ ನಾ ಒಳಗ ನಕ್ಕೆ. ಅವತ್ತ ಹೋಳಿಗಿ ಎರಡು ಹೆಚ್ಚಿಗೀನ ತಿಂದೆ.

ವರ್ಷ ತುಂಬಾಕ ಬಂದಾಗ ತಮ್ಮಂದು ಮೆಸೇಜ್ ಬಂತು: "ಅಣ್ಣಾ, ನಿನ್ನ ಡಾಟ್ ಕಾಮ್ ರಿನ್ಯೂ ಮಾಡ್ಸಬೇಕಂತ ಮೇಲ್ ಬಂದೈತಿ. ಅಂಗಡಿ ಮೇಲ್ ಮೊದಲಿಂದ್ಲೂ ನನ್ನ ಫೋನಿನ್ಯಾಗ ಐತಲ್ಲ. ಲಗೂನ ಮಾಡ್ಸು, ಯಾರರೇ ತುಗೊಂಡಾರು."

ಮೆಸೇಜ್ ಇನ್ನೊಮ್ಮೆ ಓದಿದೆ. ಹಂಗಂದ್ರ ನಾ ಕೊಂಡ ದಿನದ ರಸೀದೀನೂ ಅವಗ ಬಂದಿತ್ತು! ಹಿರೇರ ಮುಂದ ಎಲ್ಲಾ ಗೊತ್ತಿದ್ದ ಕುಂತಿದ್ದ. ಬಾಯಿ ಬಿಟ್ಟಿದ್ರ ನನ್ನ ಮಾನ ಅಲ್ಲೇ ಹೋಗ್ತಿತ್ತು. ಥೂ ನನ್ನ ಜಲ್ಮಕ್ಕ!

ರಿನ್ಯೂ ಮಾಡ್ಸೀನಿ. ಅವನ ಖೋಲಿ ನನ್ನ ಖೋಲಿಯಿಂದ ಹತ್ತು ಹೆಜ್ಜಿ. ತಪ್ಪಾತಪಾ ಅಂತ ಹೇಳಾಕ ದಿನಾ ಮುಂಜಾನಿ ಏಳ್ತೀನಿ. ಬಾಗಲತನ ಹೋಗಿ ಚಪ್ಪಲಿ ಮೆಟ್ಕೋತೀನಿ. ಮತ್ತ ಕಳದಿಟ್ಟು ಒಳಗ ಬರ್ತೀನಿ.