ಬ್ರೇಕ್ ಆಯಿಲ್ ಕುಡಿದ ಜಾಕ್

1999ರ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಟ್ರಾಲಿ ಜಾಕ್ ಬಿಚ್ಚಿದೆ. ಒಳಗಿನ ರಬ್ಬರ್ ಸೀಲ್ ಉಬ್ಬಿಹೋಗಿತ್ತು. ಅದಕ್ಕೆ ಕಾರಣ ನಾನೇ.

ಆಗ ನಾನು ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದೆ. ಹದಿನೆಂಟು ವರ್ಷದ ಕಸುಬು, ಹೆಚ್ಚಿನದು ಬ್ರೇಕಿನ ಕೆಲಸ. ಟ್ರಾಲಿ ಜಾಕ್ ಎಂದರೆ ಪುಟ್ಟ ಚಕ್ರಗಳ ಮೇಲೆ ಗಾಡಿಯ ಅಡಿಗೆ ತಳ್ಳುವ ಸಾಧನ. ಹಿಡಿಕೆ ಒತ್ತಿದಂತೆಲ್ಲ ಒಳಗಿನ ಎಣ್ಣೆ ಪಿಸ್ಟನ್ನನ್ನು ದೂಡುತ್ತದೆ, ಗಾಡಿ ಮೇಲೇಳುತ್ತದೆ. ಆ ಎಣ್ಣೆ ಹಿಂದಕ್ಕೆ ಜಾರದಂತೆ ತಡೆಯುವುದು ಮಗುವಿನ ಬಳೆಯಷ್ಟಿರುವ ಸೀಲ್. ಅದು ಕೆಟ್ಟರೆ ಎತ್ತಿದ ಗಾಡಿ ತಾನಾಗಿ ಇಳಿಯುತ್ತದೆ. ಹಿಂದಿನ ದಿನ ನನ್ನ ಜಾಕ್ ಹಾಗೆ ಇಳಿದಿತ್ತು. ಕಾರಿನಡಿ ಯಾರೂ ಇರಲಿಲ್ಲ.

ಹಳೆಯ ಸೀಲನ್ನು ಹೊಸದರ ಪಕ್ಕ ಇಟ್ಟು ನೋಡಿದೆ. ಹಳೆಯದು ದಪ್ಪವಾಗಿ, ಮೆತ್ತಗಾಗಿತ್ತು; ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಕಾಫಿ ತಂದ ನನ್ನ ಹೆಂಡತಿ ಶಾರದಾ ಬಗ್ಗಿ ನೋಡಿದಳು.

"ಸಾಂಬಾರಲ್ಲಿ ನೆನೆದ ವಡೆ ಥರ ಆಗಿದೆಯಲ್ರೀ. ಏನು ಹಾಕಿದ್ರಿ ಇದಕ್ಕೆ?"

ಹಾಕಿದ್ದು ಬ್ರೇಕ್ ಆಯಿಲ್ ಎಂದೆ. ಎರಡು ವಾರದ ಹಿಂದೆ ಆಯುಧಪೂಜೆ. ಪೂಜೆಗೆ ಇಡುವ ಯಾವ ಉಪಕರಣವೂ ಅರೆಖಾಲಿ ಇರಬಾರದು ಎಂಬುದು ನಮ್ಮ ತಂದೆಯ ಕಾಲದ ಪದ್ಧತಿ. ಸ್ಟವ್‌ಗೆ ಸೀಮೆಎಣ್ಣೆ, ಸ್ಕೂಟರಿಗೆ ಪೆಟ್ರೋಲ್ ತುಂಬಿದ ಮೇಲೆಯೇ ಕುಂಕುಮ. ಜಾಕಿನಲ್ಲಿ ಎಣ್ಣೆ ಇಳಿದಿತ್ತು, ಜಾಕ್ ಆಯಿಲ್ ಡಬ್ಬಿ ಖಾಲಿ, ಅಂಗಡಿ ಮುಚ್ಚಿತ್ತು. ಕೈಗೆಟಕುವಂತೆ ಬ್ರೇಕ್ ಆಯಿಲ್ ಇತ್ತು. ಎರಡೂ ಒತ್ತಡದ ಎಣ್ಣೆಯೇ ತಾನೇ ಎಂದು ಸುರಿದೆ. ಬ್ರೇಕಿನ ರಬ್ಬರ್ ಬೇರೆ, ಜಾಕಿನ ರಬ್ಬರ್ ಬೇರೆ. ಒಂದಕ್ಕೆ ಹಿತವಾದ ಎಣ್ಣೆ ಇನ್ನೊಂದನ್ನು ಉಬ್ಬಿಸಿ ಕೊಳೆಸುತ್ತದೆ. ಇದು ನನಗೆ ತಿಳಿಯದ ವಿಷಯವೇನಲ್ಲ. ಹಬ್ಬದ ಗಡಿಬಿಡಿಯಲ್ಲಿ ಯೋಚಿಸಲಿಲ್ಲ, ಅಷ್ಟೆ.

ಶಾರದಾ ಲೋಟ ಕೆಳಗಿಟ್ಟಳು. "ಅವತ್ತು ಗೋವಿಂದಣ್ಣನ ಜಾಕಿಗೂ ಅದನ್ನೇ ಹಾಕಿದ್ರಲ್ವಾ?"

ಮೂರು ಮನೆ ಆಚೆಯ ಗೋವಿಂದರಾಜು ಸ್ವಂತ ಟೆಂಪೊದಲ್ಲಿ ಕಲಾಸಿಪಾಳ್ಯದಿಂದ ತರಕಾರಿ ಸಾಗಿಸುತ್ತಿದ್ದರು. ಸಣ್ಣಪುಟ್ಟ ರಿಪೇರಿ ಅವರೇ ಮಾಡಿಕೊಳ್ಳುತ್ತಿದ್ದರು. ಪೂಜೆಗೆ ತಮ್ಮ ಜಾಕನ್ನೂ ನನ್ನದರ ಪಕ್ಕ ಇಡಿಸಿದ್ದರು. ಅದನ್ನೂ ನಾನೇ ತುಂಬಿದ್ದೆ.

ಕಾಫಿ ಹಾಗೇ ಬಿಟ್ಟು ಅವರ ಮನೆಗೆ ಓಡಿದೆ. "ಟೆಂಪೊ ಅಡೀಲಿ ಏನೋ ಶಬ್ದ ಅಂತ ಮಾರ್ಕೆಟ್ ಹತ್ರಾನೇ ಬಿಚ್ತಾ ಕೂತಿದಾರೆ" ಎಂದರು ಅವರ ಹೆಂಡತಿ. ಸ್ಕೂಟರ್ ಹತ್ತಿದೆ.

ಕಲಾಸಿಪಾಳ್ಯದ ಒಂದು ಗೋಡೆಯ ಪಕ್ಕ ಟೆಂಪೊ ನಿಂತಿತ್ತು. ಅದರಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಜಾಕ್ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಸ್ಟ್ಯಾಂಡ್ ಇಲ್ಲ, ಮರದ ದಿಮ್ಮಿ ಇಲ್ಲ.

"ಗೋವಿಂದಣ್ಣ, ಆಚೆ ಬನ್ನಿ."

"ಏನಯ್ಯಾ ಸೀನ, ಭಾನುವಾರಾನೂ ಗಿರಾಕಿ ಹುಡುಕ್ಕೊಂಡು ಬಂದ್ಯಾ? ಇರು, ಒಂದೇ ಒಂದು ಬೋಲ್ಟು."

"ಬೋಲ್ಟು ಆಮೇಲೆ. ಮೊದ್ಲು ಆಚೆ ಬನ್ನಿ!"

ಅವರ ಮುಂದೆ ನಾನು ಎಂದೂ ಕೂಗಿದವನಲ್ಲ. ಅದಕ್ಕೇ ಇರಬೇಕು, ತೆವಳಿ ಹೊರಬಂದರು. ಟೆಂಪೊದ ಅಂಚಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೀಟು ಎಳೆದೆ. ಆರು ನಿಮಿಷದಲ್ಲಿ ಅಂಚು ಗೀಟಿಗಿಂತ ಎರಡು ಬೆರಳು ಕೆಳಗಿತ್ತು.

ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವರು ಆ ಗೀಟನ್ನೇ ನೋಡುತ್ತ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಚೆನ್ನಾಗಿ ಬೈಯೋಣ ಅಂತಿದ್ದೆ. ಬೈಯೋ ಬಾಯಿನ ಉಳಿಸಿದೋನೂ ನೀನೇ ಅಲ್ವಾ, ಏನ್ಮಾಡ್ಲಿ? ನಡಿ, ನನ್ನೆದುರಿಗೇ ಬಿಚ್ಚು."

ಅಂದು ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಎರಡೂ ಜಾಕ್ ರಿಪೇರಿಯಾದವು. ಹಳೆಯ ಎಣ್ಣೆಯನ್ನೆಲ್ಲ ಬಸಿದು, ಒಳಭಾಗ ತೊಳೆದು, ಒಣಗಿಸಿ, ಹೊಸ ಸೀಲ್ ಕೂರಿಸಿದೆ. ಈ ಸಲ ಜಾಕ್ ಆಯಿಲನ್ನೇ ತುಂಬಿದೆ. ಒತ್ತಡ ಇಳಿಸುವ ವಾಲ್ವ್ ತೆರೆದಿಟ್ಟು ಹತ್ತು ಹನ್ನೆರಡು ಸಲ ಹಿಡಿಕೆ ಆಡಿಸಿದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೋಗುವುದು ಹಾಗೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗೋವಿಂದರಾಜು ಡಬ್ಬಿಯ ಮೇಲಿನ ಅಕ್ಷರಗಳನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದರು. "ಕೊಬ್ಬರಿ ಎಣ್ಣೆ ಅಲ್ಲ ತಾನೇ?" ಎಂದು ಶಾರದಾಳನ್ನು ಕೇಳಿದರು.

ಸಂಜೆ ಟೆಂಪೊ ಎತ್ತಿ ಒಂದು ಗಂಟೆ ಬಿಟ್ಟೆವು. ಕೂದಲೆಳೆಯಷ್ಟೂ ಇಳಿಯಲಿಲ್ಲ. ಆದರೂ ಎರಡು ಸ್ಟ್ಯಾಂಡ್ ಕೊಟ್ಟೆ, ಉಳಿದ ಬೋಲ್ಟನ್ನು ನಾನೇ ಅಡಿಗೆ ಹೋಗಿ ಬಿಗಿದೆ.

ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ ಎಂಬುದನ್ನು ಮುಂದೆ ಶೆಡ್ಡಿಗೆ ಬಂದವರಿಗೆಲ್ಲ ಹೇಳಿದೆ. ಏಕೆ ಹೇಳುತ್ತಿದ್ದೇನೆ ಎಂಬುದನ್ನೂ ಹೇಳಿದೆ. ಗೋವಿಂದರಾಜು ಮಾತ್ರ ಈ ಸಂಗತಿಯನ್ನು ಬೀದಿಯಲ್ಲಿ ಯಾರ ಬಳಿಯೂ ಎತ್ತಲಿಲ್ಲ. ನಾನೇ ಒಪ್ಪಿಕೊಳ್ಳುವುದು ಬೇರೆ; ಅವರು ದೂರಿ ಒಂದು ಮಾತು ಆಡಿದ್ದರೆ ನನ್ನ ಕೈಗೆ ಯಾರೂ ಬ್ರೇಕ್ ಕೆಲಸ ಕೊಡುತ್ತಿರಲಿಲ್ಲ. ನನ್ನ ಮೇಲೆ ಅವರ ಋಣ ಅದು. ಆ ಬೆಳಗ್ಗೆ ಸರಿಯಾದ ಪ್ರಶ್ನೆ ಕೇಳಿದ ಶಾರದಾಳ ಋಣ ಅದಕ್ಕಿಂತ ದೊಡ್ಡದು.

2007ರಲ್ಲಿ ಗೋವಿಂದರಾಜು ಟೆಂಪೊ ಮಾರಿ ಹನುಮಂತನಗರದಲ್ಲಿ ಸೊಪ್ಪು, ತರಕಾರಿ ಅಂಗಡಿ ಇಟ್ಟರು. ಇವತ್ತಿಗೂ ಬೆಳಗ್ಗೆ ಆರಕ್ಕೆ ತಾವೇ ಬಾಗಿಲು ತೆಗೆಯುತ್ತಾರೆ.