ಎರಡನೇ ಮಹಡಿಯ ಮೆಂತ್ಯದ ಮಡಿ

ಶಿಶುವಿಹಾರದ ಕೆಲಸಕ್ಕೆ ಸೇರಿದಾಗ ಆಯಮ್ಮನಿಗೆ ಐವತ್ತು ದಾಟಿತ್ತು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಸಸಿ ಮಾರುವ ನರ್ಸರಿಯಲ್ಲಿ ದುಡಿದವರು. ಶಿಶುವಿಹಾರ ಇದ್ದದ್ದು ಎರಡನೇ ಮಹಡಿಯಲ್ಲಿ. ಅಂಗಳವಿಲ್ಲ, ಕೆಳಗಿಳಿದರೆ ವಾಹನಗಳ ರಸ್ತೆ. ಒಂದು ದಿನ ಟೀಚರ್ ಗೋಡೆಯ ಚಿತ್ರ ತೋರಿಸಿ, “ಕ್ಯಾರೆಟ್ ಎಲ್ಲಿ ಬೆಳೆಯುತ್ತೆ?” ಎಂದು ಕೇಳಿದರೆ ಮಕ್ಕಳೆಲ್ಲ ಒಂದೇ ದನಿಯಲ್ಲಿ “ಫ್ರಿಜ್ಜಲ್ಲಿ” ಎಂದವು. ಆಯಮ್ಮನಿಗೆ ಮೊದಲು ನಗು ಬಂತು. ಆಮೇಲೆ ಬಿಸಿಲು ಎಲ್ಲಿ ಬೀಳುತ್ತದೆಂದು ಕಿಟಕಿಗಳತ್ತ ನೋಡತೊಡಗಿದರು.

ಮರುವಾರವೇ ಬಿಸಿಲು ಬೀಳುವ ಕಿಟಕಿಯ ಕೆಳಗೆ ಹಳೆಯ ಹಣ್ಣಿನ ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಪ್ಲಾಸ್ಟಿಕ್ ಹಾಸಿ, ಮಣ್ಣು ತುಂಬಿದರು. ಹೆಡ್ ಮೇಡಂ ಹುಬ್ಬು ಗಂಟಿಕ್ಕಿದರು.

“ನೆಲ ಎಲ್ಲಾ ಕೆಸರಾದ್ರೆ ಒರೆಸೋರು ಯಾರು ಆಯಮ್ಮ?”

“ಈಗಲೂ ನಾನೇ ಅಲ್ವಾ ಮೇಡಂ ಒರೆಸೋದು?”

ಮೇಡಂ ಆ ಮಾತಿಗೆ ಸೋತರು.

ಮಕ್ಕಳು ಮೆಂತ್ಯ ಬಿತ್ತಿದವು, ಹುರುಳಿಕಾಯಿಯ ಬೀಜ ಊರಿದವು. ಕೂತಲ್ಲಿ ಕೂರದೆ ‘ಪಾದರಸ’ ಎಂದೇ ಹೆಸರಾಗಿದ್ದ ಹುಡುಗಿ ಎಲೆ ಎಣಿಸುತ್ತ ಅರ್ಧ ಗಂಟೆ ಅಲುಗಾಡಲಿಲ್ಲ. ಸೊಪ್ಪು ಕಂಡರೆ ಮೂಗು ಮುರಿಯುತ್ತಿದ್ದವರೂ ತಾವು ಬೆಳೆದ ಮೆಂತ್ಯವನ್ನು ಕಹಿ ಕಹಿ ಎನ್ನುತ್ತಲೇ ಮುಗಿಸಿದರು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಹುರುಳಿಕಾಯಿ ಗಿಡಗಳೆಲ್ಲ ಗೋಣು ಚೆಲ್ಲಿ ಮಲಗಿದ್ದವು.

“ಮಕ್ಕಳು ಬರೋದ್ರೊಳಗೆ ಬೇರೆ ಸಸಿ ತಂದಿಟ್ಟುಬಿಡಿ. ಅಳ್ತಾವೆ,” ಎಂದರು ಮೇಡಂ.

“ಬೇಡ ಮೇಡಂ. ರಜಾ ಅಂತ ನಾನೇ ಶುಕ್ರವಾರ ನೀರು ಜಾಸ್ತಿ ಸುರಿದುಬಿಟ್ಟೆ. ನಾನೇ ಹೇಳ್ತೀನಿ.”

ನರ್ಸರಿಯಲ್ಲಿ ಪಳಗಿದ ಕೈ ಇಂಥ ತಪ್ಪು ಮಾಡಿತಲ್ಲ ಎಂಬ ನಾಚಿಕೆ ಒಳಗೇ ಕೊರೆಯುತ್ತಿತ್ತು. ಆದರೂ ಮಕ್ಕಳ ನಡುವೆ ಕೂತು, ಒಂದು ಗಿಡ ಕಿತ್ತು, ಕೊಳೆತ ಬೇರನ್ನು ತೋರಿಸಿದರು. ಇಬ್ಬರು ಅತ್ತರು. ಪಾದರಸ ಬೇರನ್ನು ಮೂಸಿ ನೋಡಿ ಕೇಳಿದಳು:

“ಸಾಕು ಅಂತ ಹೇಳೋಕೆ ಅದಕ್ಕೆ ಬಾಯಿಲ್ವಾ?”

“ಇಲ್ಲ ಮಗಳೇ. ಅದಕ್ಕೇ ನಾವೇ ಬೆರಳಿಟ್ಟು ಕೇಳ್ಬೇಕು. ಮಣ್ಣು ಒದ್ದೆ ಇದ್ರೆ ನೀರು ಬೇಡ ಅಂತ.”

ಅಂದೇ ಮತ್ತೆ ಬೀಜ ಊರಿದರು. ಮೂರನೇ ದಿನ, ಯಾರೂ ನೋಡುತ್ತಿಲ್ಲವೆಂದು ಮೇಡಂ ಕೂಡ ಮಣ್ಣಿಗೆ ಬೆರಳಿಟ್ಟದ್ದನ್ನು ಆಯಮ್ಮ ಕಂಡೂ ಕಾಣದಂತೆ ನೆಲ ಒರೆಸಿದರು.

ವರ್ಷ ಕಳೆಯುವಷ್ಟರಲ್ಲಿ ಬೇರೆ ಶಿಶುವಿಹಾರಗಳ ಟೀಚರುಗಳು ಕಲಿಯಲು ಬಂದರು. ಮೇಡಂ ತಮ್ಮ ಕುರ್ಚಿಯನ್ನೇ ಎಳೆದು ಆಯಮ್ಮನನ್ನು ಕೂರಿಸಿದರು. ಹನ್ನೆರಡು ಜನ ನೋಟ್‌ಬುಕ್ ಬಿಚ್ಚಿಕೊಂಡು ಅವರನ್ನೇ ನೋಡುತ್ತಿದ್ದರು. ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಪೆಟ್ಟಿಗೆಯ ಮಣ್ಣಿನತ್ತ ಕೈ ತೋರಿಸಿದರು:

“ಬರೆಯೋದು ಆಮೇಲೆ. ಮೊದ್ಲು ಎಲ್ರೂ ಉಂಗುರ ತೆಗೆದಿಡಿ.”